ಜೀರ್ಣಜ್ವರಕ್ಕೆ ಹೊತ್ತು, ನೆಲ, ಪಥ್ಯ: ಹದಿನೆಂಟನೆಯ ಶತಮಾನದ ವೈದ್ಯನ ಸಲಹೆ ಮತ್ತು ಸಾವನದುರ್ಗದ ಸೀಮೆ

1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್‌ನನ್ನು ನಮ್ಮ ಇತಿಹಾಸಕಾರರು ಬೆಳೆ, ಕೆರೆ, ಕಸುಬುಗಳ ವರದಿಗಾರನೆಂದೇ ಬಳಸಿಕೊಂಡಿದ್ದಾರೆ. ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಒಂದು ಮನೆತನ ಗುಟ್ಟಾಗಿ ಕಾಪಾಡಿಕೊಂಡಿದ್ದ ಬಿಳಿ ಸಕ್ಕರೆಯ ವಿದ್ಯೆ ಇವುಗಳ ವಿವರ ಬೇಕಾದಾಗ ಅವನ ಪುಟ ತಿರುಗಿಸುತ್ತೇವೆ. ಅವನು ವೈದ್ಯನಾಗಿದ್ದ ಎಂಬುದು ಒಂದು ಸಾಲಿನ ಪರಿಚಯದಲ್ಲಿ ಮುಗಿದುಹೋಗುತ್ತದೆ. ಆದರೆ 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಎಂ.ಡಿ. ಪದವಿಗೆ ಅವನು ಆರಿಸಿಕೊಂಡ ವಿಷಯ ಬಿಟ್ಟುಬಿಟ್ಟು ಬರುವ ಜ್ವರ, ಅಂದರೆ ನಾವು ಇಂದು ಮಲೇರಿಯಾ ಎನ್ನುವ ಕಾಯಿಲೆ. ಜ್ವರವನ್ನೇ ಓದಿ ವೈದ್ಯನಾದವನು ಹದಿನೇಳು ವರ್ಷಗಳ ನಂತರ ರಾಮಗಿರಿ, ಮಾಗಡಿ, ಸಾವನದುರ್ಗದಂಥ ಜ್ವರದ ಸೀಮೆಗೆ ಬಂದ. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಬುಕಾನನ್ ಪದವಿ ಪಡೆದಾಗ ಎಡಿನ್‌ಬರೋದ ವೈದ್ಯಪೀಠದಲ್ಲಿದ್ದವನು ವಿಲಿಯಂ ಕಲ್ಲನ್. ಜೌಗು ನೆಲದಿಂದ ಏಳುವ ಕೆಟ್ಟ ಆವಿ ಈ ಜ್ವರಕ್ಕೆ ಮೂಲ, ಅದು ದೇಹವನ್ನು ಕುಗ್ಗಿಸಿ ನರಗಳ ಬಲವನ್ನು ಇಳಿಸುತ್ತದೆ ಎಂಬುದು ಅವನ ಸಿದ್ಧಾಂತ. ಹಾಗಾಗಿ ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಸಿಂಕೋನಾ ತೊಗಟೆ ಅವನ ಲೆಕ್ಕದಲ್ಲಿ ಬಲ ಕೊಡುವ ಮದ್ದು. ಸಿದ್ಧಾಂತ ನಿಲ್ಲಲಿಲ್ಲ, ಸಲಹೆಯ ತಿರುಳು ನಿಂತಿತು. ಜ್ವರ ಏರಿರುವಾಗ ತೊಗಟೆ ಕೊಟ್ಟರೆ ಪ್ರಯೋಜನ ಕಡಿಮೆ. ಜ್ವರ ಬಿಟ್ಟ ಹೊತ್ತಿನಲ್ಲಿ, ಮುಂದಿನ ಚಳಿ ಹತ್ತುವುದಕ್ಕೆ ಆದಷ್ಟು ಹತ್ತಿರದಲ್ಲಿ, ದೊಡ್ಡ ಪ್ರಮಾಣದಲ್ಲಿ ಕೊಡಬೇಕು ಎಂದು ಕಲ್ಲನ್ ಹೇಳುತ್ತಾನೆ. ಮೊದಲು ವಾಂತಿ ಮಾಡಿಸಿ ಹೊಟ್ಟೆ ಶುದ್ಧಿ ಮಾಡುವ ಕ್ರಮವೂ ಇತ್ತು.

ಹಡಗಿನ ವೈದ್ಯನಾಗಿ ಅನುಭವ ಪಡೆದ ಜೇಮ್ಸ್ ಲಿಂಡ್ 1768ರಲ್ಲಿ ಪ್ರಕಟಿಸಿದ, ಬಿಸಿ ದೇಶಗಳಲ್ಲಿ ಯುರೋಪಿಯನ್ನರಿಗೆ ತಗಲುವ ರೋಗಗಳ ಕುರಿತ ಗ್ರಂಥ ಇನ್ನೂ ನೇರವಾಗಿದೆ. ಜ್ವರ ಮೊದಲ ಸಲ ಬಿಟ್ಟ ಕೂಡಲೇ ತೊಗಟೆ ಶುರುಮಾಡಿ, ಕಾಯಬೇಡಿ; ಬಿಸಿ ಏರಿದ ಮೇಲೆ ಅಫೀಮಿನ ದ್ರಾವಣ ಕೊಟ್ಟರೆ ರೋಗಿಗೆ ಸಮಾಧಾನ; ಜ್ವರ ನಿಂತ ಮೇಲೂ ಮದ್ದು ನಿಲ್ಲಿಸಬೇಡಿ. ಇವೆಲ್ಲಕ್ಕಿಂತ ಮೇಲಿನದು ನೆಲದ ಸಲಹೆ: ಜೌಗು ಬಿಟ್ಟು ದೂರ ಹೋಗಿ, ರಾತ್ರಿ ದಡದಲ್ಲಿ ಮಲಗದೆ ಹಡಗಿನಲ್ಲಿ ಮಲಗಿ, ಸಾಧ್ಯವಿದ್ದರೆ ಎತ್ತರದ ನೆಲಕ್ಕೆ ಏರಿ.

ತೊಗಟೆಯ ಪ್ರಮಾಣವನ್ನು ಇಂದಿನ ಲೆಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ. ಎರಡು ಜ್ವರಗಳ ನಡುವೆ ಒಂದು ಔನ್ಸ್, ಅಂದರೆ ಸುಮಾರು 31 ಗ್ರಾಂ ಪುಡಿ ಕೊಡುವುದು ಅಂದಿನ ರೂಢಿ. ತೊಗಟೆಯಲ್ಲಿ ನೂರಕ್ಕೆ ಎರಡು ಪಾಲು ಕ್ವಿನೈನ್ ಇದೆ ಎಂದಿಟ್ಟುಕೊಂಡರೆ ರೋಗಿಯ ಹೊಟ್ಟೆಗೆ ಸೇರುತ್ತಿದ್ದುದು 600 ಮಿಲಿಗ್ರಾಂ ಆಸುಪಾಸು. ವಯಸ್ಕರಿಗೆ ಇಂದು ಕ್ವಿನೈನ್ ಕೊಡಬೇಕಾದಾಗ ಹೆಚ್ಚುಕಡಿಮೆ ಇಷ್ಟನ್ನೇ ದಿನಕ್ಕೆ ಮೂರು ಸಲ, ಏಳು ದಿನ ಕೊಡುತ್ತಾರೆ. ಆ ವೈದ್ಯರು ಕೊಡುತ್ತಿದ್ದುದು ಕೆಲಸ ಮಾಡುವಷ್ಟು ಇತ್ತು, ಬೇರುಸಹಿತ ಕೀಳುವಷ್ಟು ಇರಲಿಲ್ಲ. ಕಲಬೆರಕೆಯ ತೊಗಟೆಯಾದರೆ ಅದೂ ಇಲ್ಲ. ಜ್ವರ ನಿಂತ ಮೇಲೂ ಮದ್ದು ಮುಂದುವರಿಸಿ ಎಂಬ ಲಿಂಡ್‌ನ ಒತ್ತಾಯ ಈ ಕೊರತೆಯನ್ನು ಅನುಭವದಿಂದ ಕಂಡುಕೊಂಡವನ ಮಾತು. ಅದಕ್ಕೂ ಮೀರಿದ ತೊಡಕು ಒಂದಿತ್ತು. ದಿನ ಬಿಟ್ಟು ದಿನ ಬರುವ ವೈವ್ಯಾಕ್ಸ್ ಜ್ವರದ ಪರಾವಲಂಬಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಅಲ್ಲಿಗೆ ಕ್ವಿನೈನ್ ಮುಟ್ಟುವುದಿಲ್ಲ. ಜ್ವರ ಜೀರ್ಣವಾಗಿ, ಅಂದರೆ ಹಳತಾಗಿ, ಉಳಿಯುತ್ತಿದ್ದುದು ವೈದ್ಯನ ಅಲಕ್ಷ್ಯದಿಂದಲೂ ಅಲ್ಲ, ರೋಗಿಯ ಅಪಥ್ಯದಿಂದಲೂ ಅಲ್ಲ.

ನಮ್ಮ ವೈದ್ಯರ ಕಡೆಗೆ ತಿರುಗೋಣ. ಚರಕಸಂಹಿತೆ ವಿಷಮಜ್ವರವನ್ನು ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಜ್ವರ ಬರುವ ಕಾಲವನ್ನೇ ಹಿಡಿದು ವಿಂಗಡಿಸುತ್ತದೆ. ಜ್ವರ ಬರುವ ದಿನ, ಅದು ಬರುವ ಹೊತ್ತಿಗೆ ಮದ್ದು ಕೊಡಬೇಕೆಂಬ ಸೂಚನೆ ಅಲ್ಲಿಯೂ ಇದೆ, ವಮನವೂ ಇದೆ. ಇನ್ನೊಂದು ಸೂಚನೆ ನನಗೆ ಅತ್ಯಂತ ಮಾನವೀಯವಾಗಿ ಕಾಣುತ್ತದೆ: ಇಂಥ ಹೊತ್ತಿಗೆ ಜ್ವರ ಬರುತ್ತದೆ ಎಂದು ನೆನೆನೆನೆದೇ ಜ್ವರಕ್ಕೆ ಬೀಳುವವನಿಗೆ, ಇಷ್ಟವಾದ, ಬೆರಗಿನ ವಿಷಯಗಳನ್ನು ಮುಂದಿಟ್ಟು ಆ ಹೊತ್ತಿನ ನೆನಪನ್ನೇ ಅಳಿಸಬೇಕು. ವಾರಗಟ್ಟಲೆ ಚಳಿಯ ಭಯದಲ್ಲಿ ಕಾಲ ಕಳೆದವರ ಪಕ್ಕದಲ್ಲಿ ಕೂತು ನೋಡಿದವರು ಮಾತ್ರ ಹೀಗೆ ಹೇಳಬಲ್ಲರು.

ಕಾಲದ ವಿಷಯದಲ್ಲಿ ಎರಡು ಪರಂಪರೆಗಳೂ ಒಂದೇ ಕಡೆ ನೋಡುತ್ತಿದ್ದುದಕ್ಕೆ ಮತ್ತೊಂದು ಸಾಕ್ಷಿ ಫ್ರಾನ್ಸಿಸ್ ಬಾಲ್ಫರ್. ಈಸ್ಟ್ ಇಂಡಿಯಾ ಕಂಪನಿಯ ಈ ವೈದ್ಯ 1784ರಲ್ಲಿ ಕಲಕತ್ತೆಯಲ್ಲಿ ಪ್ರಕಟಿಸಿದ ಪುಸ್ತಕ ಜ್ವರದ ಮೇಲೆ ಚಂದ್ರನ ಪ್ರಭಾವವನ್ನು ಕುರಿತದ್ದು. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಜ್ವರ ಮರುಕಳಿಸುತ್ತದೆ ಎಂಬುದು ಅವನ ವಾದ. ಕಾಯಿಲೆಯವರಿಗೆ ಅಮಾವಾಸ್ಯೆ ಹತ್ತಿರವಾದರೆ ಕಷ್ಟ ಎಂದು ಇಂದಿಗೂ ಹೇಳುವ ನಮ್ಮ ಹಳ್ಳಿಗರಿಗೆ ಇದು ಹೊಸ ಮಾತಾಗುತ್ತಿರಲಿಲ್ಲ.

ಪರಂಪರೆಗಳು ಬೇರೆಯಾಗುವುದು ಜ್ವರ ಹಳೆಯದಾದ ಮೇಲೆ. ಎಡಿನ್‌ಬರೋದ ವೈದ್ಯ ತೊಗಟೆಗೆ ಬಗ್ಗದ ಜ್ವರಕ್ಕೆ ಹವೆ ಬದಲಿಸಿ ಎನ್ನುತ್ತಾನೆ. ಆಯುರ್ವೇದ ಮೊದಲ ದಿನಗಳಲ್ಲಿ ಲಂಘನ, ಗಂಜಿ, ಅನಂತರ ಕಷಾಯ ಹೇಳಿ, ಜ್ವರ ಜೀರ್ಣವಾದಾಗ ಹಾಲು, ತುಪ್ಪಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಲಕ್ಷ್ಯ ಜ್ವರವನ್ನು ಅಟ್ಟುವುದಕ್ಕಿಂತ ಒಣಗಿದ ಮೈಯನ್ನು ಕಾಯುವುದರ ಮೇಲೆ. ಅಮೃತಬಳ್ಳಿ, ನೆಲಬೇವು, ಕೊನ್ನಾರಿ ಗೆಡ್ಡೆ, ಬೇವಿನ ಚಕ್ಕೆ ಇವು ಮನೆಮನೆಯ ಕಷಾಯದ ಸಾಮಗ್ರಿ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆಮರದ ಕಷಾಯವೂ ಈ ಕಹಿತೊಗಟೆಗಳ ಸಾಲಿನದೇ. ಎಡಹೊಟ್ಟೆಯಲ್ಲಿ ಜ್ವರಗಡ್ಡೆ (ಊದಿದ ಗುಲ್ಮ) ಬೆಳೆದವರಿಗೆ ಅದರ ಮೇಲೆ ಬರೆ ಹಾಕುತ್ತಿದ್ದುದೂ ಉಂಟು. ಗುಣಕ್ಕಿಂತ ನೋವೇ ಹೆಚ್ಚಾದ ಆ ಪದ್ಧತಿಯನ್ನು ಪರಂಪರೆಯ ಹೆಸರಿನಲ್ಲಿ ಮುಚ್ಚಿಡಬೇಕಾಗಿಲ್ಲ. ಇಲ್ಲಿಯ ಕಹಿತೊಗಟೆಗಳು ಎಡಿನ್‌ಬರೋದ ಗಮನಕ್ಕೂ ಬಂದಿದ್ದವು. ದಖ್ಖನಿನ ಒಣಕಾಡಿನ ಸೋಮಿಮರದ ತೊಗಟೆ ಸಿಂಕೋನಾಕ್ಕೆ ಬದಲಾಗಬಹುದೆಂದು ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರೋ ಶಿಫಾರಸು ಮಾಡಿದ. 1794ರಲ್ಲಿ ಅದರ ಮೇಲೆಯೇ ಅಲ್ಲೊಂದು ಎಂ.ಡಿ. ಪ್ರಬಂಧ ಸಿದ್ಧವಾಯಿತು.

ಇನ್ನು ನೆಲ. ಅರ್ಕಾವತಿ ಸಾವನದುರ್ಗದ ಬಳಿಯಿಂದ ಇಳಿದು ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಚನ್ನಪಟ್ಟಣದ ಕಡೆ ಕಣ್ವ. ಹೆಬ್ಬಂಡೆಗಳ ಬುಡದಲ್ಲಿ ನಿಧಾನವಾಗಿ ಹರಿಯುವ ತೊರೆ, ಮಳೆ ನಿಂತ ಮೇಲೆ ಹಳ್ಳದಲ್ಲಿ ಉಳಿಯುವ ಮಡು, ಸುತ್ತ ಬಿದಿರುಮೆಳೆ. ಬೆಟ್ಟದಡಿಯ ತೊರೆಗಳಲ್ಲಿ ಮೊಟ್ಟೆಯಿಡುವ ಫ್ಲುವಿಯಾಟಿಲಿಸ್ ಜಾತಿಯ ಅನಾಫಿಲಿಸ್ ಸೊಳ್ಳೆಗೆ ಹೇಳಿಮಾಡಿಸಿದ ಜಾಗ. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ ಈ ಕಾಡಿನ ಗಾಳಿ ಪ್ರಾಣ ತೆಗೆಯುತ್ತದೆ ಎಂಬುದು ಟಿಪ್ಪುವಿನ ಸೇನೆಗೂ ಬ್ರಿಟಿಷರ ಸೇನೆಗೂ ಗೊತ್ತಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಪಡೆ ಸಾವನದುರ್ಗಕ್ಕೆ ಮುತ್ತಿಗೆ ಹಾಕಿದಾಗ, ಬಿಳಿಯರಲ್ಲಿ ಅರ್ಧ ಜನ ಕದನದಲ್ಲಿ, ಉಳಿದರ್ಧ ಕಾಯಿಲೆಯಲ್ಲಿ ಸಾಯುತ್ತಾರೆಂದು ಟಿಪ್ಪು ಭರವಸೆ ಇಟ್ಟಿದ್ದನಂತೆ. ಬ್ರಿಟಿಷ್ ಸೇನಾಧಿಕಾರಿಗಳೇ ಇದನ್ನು ಬರೆದಿದ್ದಾರೆ. ಡಿಸೆಂಬರ್ 10ಕ್ಕೆ ಪಡೆ ದುರ್ಗದ ಮುಂದೆ ಬೀಡುಬಿಟ್ಟಿತು, 21ಕ್ಕೆ ದುರ್ಗ ಬಿತ್ತು, ಮರುದಿನಗಳಲ್ಲಿ ರಾಮಗಿರಿ, ಶಿವನಗಿರಿಗಳೂ ಬಿದ್ದವು. ಕಂಪನಿಯ ಬರಹಗಾರರು ಇದನ್ನು ಫಿರಂಗಿಗಳ ಗೆಲುವೆಂದು ಹೊಗಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ದಿನಗಳ ಲೆಕ್ಕವನ್ನೂ ನೋಡಬೇಕು. ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂಬತ್ತರಿಂದ ಹದಿನಾಲ್ಕು ದಿನ ಬೇಕು. ಮುತ್ತಿಗೆ ನಡೆದದ್ದು ಹನ್ನೊಂದು ದಿನ, ಅದೂ ಚಳಿಗಾಲದಲ್ಲಿ. ಟಿಪ್ಪುವಿನ ಎಣಿಕೆ ಅಂಧಶ್ರದ್ಧೆಯಲ್ಲ. ಅದು ಫಲಿಸಲು ಮುತ್ತಿಗೆ ಇನ್ನಷ್ಟು ದಿನ ಎಳೆಯಬೇಕಿತ್ತು.

ಯುದ್ಧವೂ ಜ್ವರಕ್ಕೆ ನೆಲ ಹದಮಾಡಿತು. ಕಾನಕಾನಹಳ್ಳಿಯನ್ನು, ಅಂದರೆ ಇಂದಿನ ಕನಕಪುರವನ್ನು, ಬ್ರಿಟಿಷರ ದಂಡಿಗೆ ದವಸ ಸಿಗದಂತೆ ಟಿಪ್ಪು ಎರಡು ಸಲ ಪಾಳುಮಾಡಿಸಿದ. 1799ರಲ್ಲಿ ಬ್ರಿಟಿಷ್ ಸೇನಾಪತಿ ಹ್ಯಾರಿಸ್‌ನ ಸೇನೆ ಶ್ರೀರಂಗಪಟ್ಟಣಕ್ಕೆ ಹೋದದ್ದು ಅದೇ ದಾರಿಯಲ್ಲಿ. ಒಡೆದ ಕೆರೆಯ ಅಂಗಳದಲ್ಲಿ ಉಳಿಯುವ ಗುಂಡಿಗಳು, ಉಳುವವರಿಲ್ಲದೆ ಪೊದೆ ಹತ್ತಿದ ಹೊಲಗಳು, ದನಗಳಿಲ್ಲದ ಊರು ಇವು ಸೊಳ್ಳೆಯನ್ನು ಹೆಚ್ಚಿಸಿ ಮನುಷ್ಯರ ಕಡೆಗೇ ತಿರುಗಿಸುವ ಸ್ಥಿತಿಗಳು. ರಾಮಗಿರಿಯ ಸುತ್ತ ಹುಲಿ, ಕಳ್ಳಕಾಕರ ಕಾಡಾಗಿದ್ದ ಹೆದ್ದಾರಿಯ ಬದಿಯಲ್ಲಿ ದಿವಾನ್ ಪೂರ್ಣಯ್ಯ 1800ರಲ್ಲಿ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರ, ಕಟ್ಟಿಸಿ ಒಕ್ಕಲು ತಂದ ಕ್ರಮವನ್ನು ಆರೋಗ್ಯದ ಇತಿಹಾಸದಲ್ಲೂ ಓದಬಹುದು.

ಬುಕಾನನ್ ಕಂಡದ್ದು ಈ ಗಾಯಗೊಂಡ ನೆಲವನ್ನು. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸದ ದೀರ್ಘ ಶೀರ್ಷಿಕೆಯಲ್ಲಿ ಬೇಸಾಯ, ಕಸುಬು, ವ್ಯಾಪಾರ, ಧರ್ಮ, ಆಚಾರ, ಇತಿಹಾಸ ಎಲ್ಲ ಇವೆ, ವೈದ್ಯ ಇಲ್ಲ. ಅವನನ್ನು ಕಳಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿ ಕೇಳಿದ್ದು ಆದಾಯದ ದಾರಿಗಳನ್ನು. ಆದರೂ ಮಣ್ಣು, ನೀರು, ಕಾಡಿನ ಅಂಚು, ಪಾಳುಬಿದ್ದ ಊರು ಇವುಗಳ ಮೇಲೆ ಅವನ ಕಣ್ಣು ಬಿಡದೆ ನಿಲ್ಲುವುದರಲ್ಲಿ ಕಲ್ಲನ್‌ನ ಶಿಷ್ಯವರ್ಗದ ಪಾಠ ಕಾಣುತ್ತದೆ. ಆವಿಯೇ ರೋಗವೆಂದು ನಂಬಿದವನಿಗೆ ಭೂಮಿಯ ವರ್ಣನೆಯೇ ರೋಗನಿದಾನದ ಮೊದಲ ಹೆಜ್ಜೆ. 1807ರಿಂದ ಬಂಗಾಳ, ಬಿಹಾರಗಳಲ್ಲಿ ಮಾಡಿದ ಸರ್ವೆಯಲ್ಲಿ ಅವನು ಜ್ವರವನ್ನೂ ನಾಟಿವೈದ್ಯರನ್ನೂ ನೇರವಾಗಿ ದಾಖಲಿಸಿದ. ಅದನ್ನು ಓದಿದ ಮೇಲೆ ಮೈಸೂರಿನ ಪುಟಗಳು ಬೇರೆಯಾಗಿ ಕಾಣುತ್ತವೆ.

ಲಿಂಡ್‌ನ ಸಲಹೆಯನ್ನು ಅಕ್ಷರಶಃ ಪಾಲಿಸಿದವರು ಕಂಪನಿಯವರೇ. ಶ್ರೀರಂಗಪಟ್ಟಣದ ಜ್ವರ ತಾಳಲಾರದೆ 1809ರಲ್ಲಿ ದಂಡನ್ನು ಎತ್ತರದ ಬೆಂಗಳೂರಿಗೆ ಸಾಗಿಸಿದರು. ಇಂದಿನ ದಂಡುಪ್ರದೇಶ ಹುಟ್ಟಿದ್ದು ಹಾಗೆ. ಜಾಗ ಬಿಟ್ಟುಹೋಗಿ ಎಂಬ ಮಾತು ಬಿಟ್ಟುಹೋಗಬಲ್ಲವರಿಗೆ ಹೇಳಿದ್ದು. ಕಾಡನ್ನೇ ನಂಬಿದ ಇರುಳಿಗರಿಗೆ, ಒಂದು ಕೆರೆಯ ಕೆಳಗಿನ ಗದ್ದೆಗೆ ಬದುಕು ಕಟ್ಟಿಕೊಂಡ ಒಕ್ಕಲಿಗೆ ಆ ಚಿಕಿತ್ಸೆ ಎಟುಕುವಂತಿರಲಿಲ್ಲ. ತೊಗಟೆಯಂತೂ ಕಡಲಾಚೆಯ ಸರಕು. ಅವರ ಪಾಲಿಗಿದ್ದುದು ಕಷಾಯ, ಗಂಜಿ, ಹಾಲಿದ್ದರೆ ಹಾಲು. ಜೀರ್ಣಜ್ವರದೊಡನೆ ಬಾಳುವವರಿಗಾಗಿ ಬೆಳೆದ ವೈದ್ಯವನ್ನು, ಅದು ಪರಾವಲಂಬಿಯನ್ನು ಕೊಲ್ಲಲಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ಅನ್ಯಾಯ.

ಅವರೂ ಕೆಲವೊಮ್ಮೆ ಬಿಟ್ಟುಹೋದರು, ಆದರೆ ಊರಿಗೆ ಊರೇ. ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಎಂದು ಬರೆಯುವ, ಹೆಸರು ಮತ್ತು ಗಡಿ ಉಳಿದು ಮನೆಗಳಿಲ್ಲದ ಗ್ರಾಮಗಳು ಈ ಸೀಮೆಯಲ್ಲಿವೆ. ಯುದ್ಧ, ಬರ, ಪ್ಲೇಗುಗಳಿಂದ ಬರಿದಾದವು ಯಾವುವು, ಜ್ವರದಿಂದ ಬರಿದಾದವು ಯಾವುವು ಎಂದು ಬೇರ್ಪಡಿಸುವ ಕೆಲಸ ಆಗಬೇಕು. ದಂಡಿಗೆ ಹೆದರಿ ಓಡಿದವರು ದಂಡು ದಾಟಿದ ಮೇಲೆ ಅದೇ ಹಟ್ಟಿಗೆ ಮರಳುತ್ತಾರೆ. ಜ್ವರಕ್ಕೆ ಹೆದರಿದವರು ಹೊಲವನ್ನು ಹಗಲಲ್ಲಿ ಉತ್ತು, ಮನೆಯನ್ನು ತೊರೆಯಿಂದ ದೂರದ ಏರಿನಲ್ಲಿ ಕಟ್ಟುತ್ತಾರೆ. ಹಳೆಯ ನಿವೇಶನ, ಹೊಸ ಊರು, ಅವುಗಳ ನಡುವಿನ ನೀರಿನ ಜಾಡು ಈ ಮೂರನ್ನೂ ಸರ್ವೆ ನಕಾಶೆಯ ಮೇಲೆ ಅಳೆದರೆ ಮಾಗಡಿ, ಕನಕಪುರ ತಾಲ್ಲೂಕುಗಳ ಮಟ್ಟಿಗಾದರೂ ಈ ವ್ಯತ್ಯಾಸ ಕಾಣಬೇಕು.