ಮೂರು ತಿಂಗಳ ರಾಜ, ಅವನ ಬೆಳ್ಳಿ ಕಾಸು 🪙 (ಹಳೇ ಕಾಸಿನ ಕಥೆ – ಭಾಗ 4)

ಫ್ರೆಂಡ್ಸ್, ಒಂದು ಪ್ರಶ್ನೆ. ನೀವು ರಾಜ ಆದ್ರಿ ಅಂದ್ಕೊಳ್ಳಿ. ಫೋನಿಲ್ಲ, ಪೇಪರಿಲ್ಲ. ಊರೂರಿಗೂ ಸುದ್ದಿ ಮುಟ್ಟಿಸೋದು ಹೇಗೆ? ಕಾಸಿನ ಮೇಲೆ ಮುಖ ಹಾಕಿಸಿ, ಅಷ್ಟೇ!

ಕ್ರಿ.ಶ. 69, ಜನವರಿ 15. ಗಾಲ್ಬಾನನ್ನು ಕೊಲ್ಲಿಸಿ ಓಥೋ ರೋಮ್ ಚಕ್ರವರ್ತಿ ಆದ. ಕೂಡಲೇ ಅವನ ಹೆಸರಲ್ಲಿ 'ಡಿನೇರಿಯಸ್' ಅನ್ನೋ ಬೆಳ್ಳಿ ನಾಣ್ಯ ಬಂತು. ಅದರಲ್ಲಿ ಅವನ ತಲೆಗೂದಲು ನೋಡಿ, ಸಾಲು ಸಾಲಾಗಿ ಜೋಡಿಸಿದ ಹಾಗಿದೆ. ಅವನು ವಿಗ್ ಹಾಕ್ತಿದ್ದ ಅಂತ ಸ್ವೆಟೋನಿಯಸ್ ಬರೆದಿದ್ದಾನೆ 😄 ಹಿಂಬದಿಯಲ್ಲಿ 'ಸೆಕ್ಯೂರಿಟಾಸ್', ಅಂದ್ರೆ ರೋಮ್ ಜನರಿಗೆ ಭದ್ರತೆ. ಇನ್ನೊಂದರಲ್ಲಿ, ಇಡೀ ಲೋಕಕ್ಕೆ ಶಾಂತಿ. ಆದ್ರೆ ಆಗಲೇ ವಿಟೆಲಿಯಸ್‌ನ ಸೈನ್ಯ ಇಟಲಿ ಕಡೆ ಹೊರಟಿತ್ತು. ಓಥೋ ಸೋತ. ಏಪ್ರಿಲ್ 16ಕ್ಕೆ ತನ್ನ ಪ್ರಾಣ ತಾನೇ ತೆಗೆದುಕೊಂಡ.

ಕಾಸಿನ ಮೇಲೆ ಬರೆದ ಮಾತ್ರಕ್ಕೆ ಭದ್ರತೆ ಬರಲ್ಲ. ಹಾಗಾದ್ರೆ ಕಾಸನ್ನು ಜನ ನಂಬೋದು ಯಾತಕ್ಕೆ?

ಉತ್ತರ ನಮ್ಮ ಹತ್ರಾನೇ ಇದೆ. ಮದ್ದೂರಲ್ಲಿ ರೈಲು ಹತ್ತಿದ್ರೆ ಬೆಂಗಳೂರು, ಅಲ್ಲೇ ಯಶವಂತಪುರ. 1891ರಲ್ಲಿ ಅಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು! ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು. 1965ರಲ್ಲಿ ಎಚ್‌ಎಎಲ್ ಹತ್ರ ಇನ್ನೂ 256.

ಇವೆಲ್ಲ ನೀರೋ ಕೈ ಹಾಕೋಕೆ ಮುಂಚಿನ ಕಾಸು. ಮೊದಲು ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ನಾಣ್ಯ. ಕ್ರಿ.ಶ. 64ರ ಸುಮಾರಿಗೆ ನೀರೋ ಅದನ್ನ 96 ಮಾಡಿದ, ಮೇಲಿಂದ ತಾಮ್ರಾನೂ ಬೆರೆಸಿದ. ನಮ್ಮ ಕಡೆಯ ವ್ಯಾಪಾರಿಗಳಿಗೆ ಬೇಕಾಗಿದ್ದು ಬೆಳ್ಳಿ, ರಾಜನ ಮುಖ ಅಲ್ಲ. ಅದಕ್ಕೇ ಭಾರತದಲ್ಲಿ ಸಿಗೋ ಡಿನೇರಿಯಸ್‌ಗಳಲ್ಲಿ ಹಳೇ ಅಗಸ್ಟಸ್, ಟೈಬೀರಿಯಸ್ ಕಾಸೇ ಜಾಸ್ತಿ. ಸಿಂಹಳದ ರಾಜ ಒಬ್ಬ ಬೇರೆ ಬೇರೆ ಮುಖದ ರೋಮನ್ ಕಾಸೆಲ್ಲ ಒಂದೇ ತೂಕ ಇರೋದು ನೋಡಿ ಮೆಚ್ಚಿದ ಅಂತ ಪ್ಲಿನಿ ಬರೆದಿದ್ದಾನೆ. ಓಥೋ ಬರೋ ಹೊತ್ತಿಗೆ ಆ ನಂಬಿಕೇನೇ ಸವೆದಿತ್ತು.

ಕ್ಲಾಸಲ್ಲಿ 'ಗುಡ್‌ವಿಲ್' ಅಂದ್ರೆ ಕಣ್ಣಿಗೆ ಕಾಣದ ಆಸ್ತಿ ಅಂತ ಬರ್ಕೊಂಡಾಗ ನನಗೆ ಅರ್ಥ ಆಗಿರಲಿಲ್ಲ. ನಮ್ಮಪ್ಪನ ಜೊತೆ ಬೆಲ್ಲದ ಮಂಡಿಗೆ ಹೋದಾಗ ಆಯ್ತು. ಅಲ್ಲಿ ಯಾರೂ ಹೆಸರು ಕೇಳಲ್ಲ, ಅಚ್ಚು ಮುರಿದು ನೋಡ್ತಾರೆ. ಒಂದ್ಸಲ ಕಲಬೆರಕೆ ಸಿಕ್ರೆ ಮುಗೀತು, ಮುಂದಿನ ವಾರ ಒಳ್ಳೇದು ತಂದ್ರೂ ಅನುಮಾನಾನೇ.

ನಿಮ್ಮನೇಲಿ ಅಜ್ಜಿ ಎತ್ತಿಟ್ಟ ಹಳೇ ಬೆಳ್ಳಿ ರೂಪಾಯಿ ಇದ್ಯಾ? ಯಾವ ವರ್ಷದ್ದು ಅಂತ ಕಾಮೆಂಟಲ್ಲಿ ಹೇಳಿ. ಉಜ್ಜಿ ತೊಳೀಬೇಡಿ ಮತ್ತೆ! 🙏

#ಹಳೇಕಾಸಿನಕಥೆ #ಶಿವಪುರ #ಮದ್ದೂರು #ಬಿಕಾಂಹುಡುಗರು