ಎಂಜಿನ್ ಆಯಿಲ್‌ನಲ್ಲಿ ನೀರಿನಂಶ: ಬೆಟ್ಟದಪುರ ಸೀಮೆಯ ಮಳೆಗಾಲದಲ್ಲಿ ಮೂಲ ಪತ್ತೆಯ ಪ್ರಶ್ನೆ

ಪೆಟ್ರೋಲ್ ಕಾರಿನ ಆಯಿಲ್ ಮುಚ್ಚಳ ತಿರುಗಿಸಿದಾಗ ಅದರ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಮೆತ್ತಿಕೊಂಡಿದ್ದರೆ 'ಹೆಡ್ ಗ್ಯಾಸ್ಕೆಟ್ ಹೋಗಿದೆ' ಎಂಬ ತೀರ್ಪು ಗ್ಯಾರೇಜಿನಲ್ಲಿ ಬಹುಬೇಗ ಹೊರಬೀಳುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಂಥ, ಕೊಡಗಿಗೆ ಹತ್ತಿರದ ಊರುಗಳಲ್ಲಿ ಈ ತೀರ್ಪಿಗೆ ಆತುರಪಡಬಾರದು ಎಂಬುದು ಇಲ್ಲಿನ ವಾದ. ಬ್ಯಾರನ್ ಎಂಬ ಒಣಗುಮನೆಗಳಲ್ಲಿ ಹೊಗೆಸೊಪ್ಪು ಹದಗೊಳಿಸುವ ಕೆಲಸವೂ ಮುಂಗಾರೂ ಇಲ್ಲಿ ಒಟ್ಟಿಗೇ ಬರುತ್ತವೆ. ಮನೆಯಿಂದ ಬ್ಯಾರನ್‌ಗೆ, ಅಲ್ಲಿಂದ ಅಂಗಡಿಬೀದಿಗೆ ಕಾರು ಓಡುವುದು ಒಂದೆರಡು ಕಿಲೋಮೀಟರ್. ಎಂಜಿನ್ ಕಾಯುವ ಮುನ್ನವೇ ಬಂದ್.

ಇಂಥ ಕಾರಿನಲ್ಲಿ ಆಯಿಲ್ ಜೊತೆ ಬೆರೆತು ಲೋಳೆಯಾಗುವ ನೀರು ಮಳೆಯದಲ್ಲ, ಪೆಟ್ರೋಲಿನದೇ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್ ದಾಟಿದರೂ ಸ್ವಲ್ಪ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ನುಸುಳಿ, ತಣ್ಣಗಿರುವ ಲೋಹಕ್ಕೆ ತಾಗಿ ಹನಿಗಟ್ಟುತ್ತದೆ. ಆಯಿಲ್ 90–100 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದಷ್ಟು ಹೊತ್ತು ಅಲ್ಲೇ ನಿಂತರೆ ಆ ನೀರು ಮತ್ತೆ ಆವಿಯಾಗಿ, ಎಂಜಿನ್ ಒಳಗಿನ ಆವಿಯನ್ನು ಹೊರಸೆಳೆಯುವ ಪಿಸಿವಿ ವಾಲ್ವ್ ಹಾದು ಹೋಗುತ್ತದೆ. ಟೆಂಪರೇಚರ್ ಮುಳ್ಳು ನಡುವಿಗೆ ಬಂತೆಂದು ನಂಬುವಂತಿಲ್ಲ: ಅದು ಕೂಲಂಟ್‌ನ ಬಿಸಿ, ಆಯಿಲ್ ಕಾಯುವುದು ಇನ್ನೂ ತಡವಾಗಿ. 'ಹೀಟ್ ಆಗದಿರಲಿ' ಎಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಕೆಲವು ಮೆಕ್ಯಾನಿಕ್‌ಗಳ ಹಳೇ ಚಾಳಿಯಂತೂ ಈ ತೊಂದರೆಯನ್ನು ಬೇಸಿಗೆಗೂ ಎಳೆದುತರುತ್ತದೆ.

ಮೊದಲ ಸುಳಿವು ಲೋಳೆಯ ಜಾಗ. ಅದು ಮುಚ್ಚಳದಲ್ಲಷ್ಟೇ ಇದ್ದು, ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ ಆಯಿಲ್ ತಿಳಿಯಾಗಿದ್ದು, ಕೂಲಂಟ್ ವಾರಗಟ್ಟಲೆ ಇಳಿಯದಿದ್ದರೆ ಮುಚ್ಚಳ ಒರೆಸಿ ಮೈಸೂರಿಗೊಮ್ಮೆ ಹೋಗಿಬಂದರೆ ಸಾಕು. ಲೋಳೆ ಮರಳದಿದ್ದರೆ ಗ್ಯಾಸ್ಕೆಟ್ಟಿನ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು. ಕಡ್ಡಿಯಲ್ಲೇ ಆಯಿಲ್ ಬೆಳ್ಳಗಾಗಿ ಮಟ್ಟ ಏರಿದ್ದರೆ ಕಾರು ಓಡಿಸುವ ಮಾತೇ ಬೇಡ, ಕೂಲಿಂಗ್ ವ್ಯವಸ್ಥೆಗೆ ಪ್ರೆಶರ್ ಟೆಸ್ಟ್ ಆಗಬೇಕು.

ಆಯಿಲ್‌ನಲ್ಲಿ ನೀರಿದೆಯೇ ಎಂದು ನೋಡಲು ಪರೀಕ್ಷೆಗಳೂ ಇವೆ. 150 ಡಿಗ್ರಿ ಸೆಲ್ಸಿಯಸ್ ದಾಟಿದ ಲೋಹದ ತಟ್ಟೆಯ ಮೇಲೆ ಒಂದು ಹನಿ ಆಯಿಲ್ ಬಿಟ್ಟರೆ, ನೀರಿದ್ದಲ್ಲಿ ಗುಳ್ಳೆಯೆದ್ದು ಚಟಚಟ ಸಿಡಿಯುತ್ತದೆ (ಕಣ್ಣಿಗೆ ರಕ್ಷಣೆ ಇರಲಿ). ಶೇ 0.05ಕ್ಕಿಂತ ಕಡಿಮೆ ನೀರು ಸಾಮಾನ್ಯವಾಗಿ ಇದಕ್ಕೆ ಸಿಕ್ಕದು. ಜರ್ಮನಿಯ ಕಾರ್ಲ್ ಫಿಷರ್ 1935ರಲ್ಲಿ ಪ್ರಕಟಿಸಿದ ಟೈಟ್ರೇಶನ್ ವಿಧಾನ ಎಷ್ಟೋ ಸೂಕ್ಷ್ಮ. ಆದರೆ ಎರಡೂ ನೀರಿದೆ ಎನ್ನುತ್ತವೆಯೇ ಹೊರತು ಎಲ್ಲಿಯದೆಂದು ಹೇಳವು. ಅದನ್ನು ಹೇಳುವುದು ಕೂಲಂಟ್‌ನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ. ನೀರು ಆವಿಯಾದರೂ ಅವು ಆಯಿಲ್‌ನಲ್ಲಿ ಉಳಿಯುತ್ತವೆ. ಹೊಸ ಆಯಿಲ್‌ನ ಮಾದರಿಯನ್ನೂ ಜೊತೆಗಿಟ್ಟು ಹೋಲಿಸಬೇಕು. ರೇಡಿಯೇಟರಿಗೆ ಬೋರ್‌ವೆಲ್ ನೀರನ್ನೇ ಸುರಿಯುತ್ತ ಬಂದ ಕಾರಿನಲ್ಲಿ ಈ ಗುರುತು ಮಸುಕು. ಅಲ್ಲಿ ಪ್ರೆಶರ್ ಟೆಸ್ಟನ್ನೇ ನೆಚ್ಚಬೇಕು.

ಲಕ್ಷ್ಮಣತೀರ್ಥ ಉಕ್ಕಿ ಹುಣಸೂರು ಕಡೆ ಕಾರು ಮುಳುಗಿದ್ದರೆ ಪ್ರಕರಣವೇ ಬೇರೆ. ಸ್ಟಾರ್ಟ್ ಮಾಡದೆ ಬಿಟ್ಟಿದ್ದಲ್ಲಿ, ಆಯಿಲ್‌ಗಿಂತ ಭಾರವಾದ ನೀರು ಸಂಪ್‌ನ ತಳದಲ್ಲಿ ನಿಂತಿರುತ್ತದೆ. ಡ್ರೈನ್ ಬೋಲ್ಟ್ ಸಡಿಲಿಸಿದರೆ ಮೊದಲು ಇಳಿಯುವುದು ಅದೇ. ಒಮ್ಮೆ ಎಂಜಿನ್ ತಿರುಗಿತೋ, ಆಯಿಲ್ ಪಂಪ್ ಎರಡನ್ನೂ ಕಡೆದು ಬೇರಿಂಗ್‌ಗಳಿಗೆ ಉಣಿಸುತ್ತದೆ.