ಚುನಾವಣೆಗೆ ಸರ್ಕಾರದ ಹಣ: ಕಲಬುರಗಿ–ಕಮಲಾಪುರದಿಂದ ಒಂದು ಟಿಪ್ಪಣಿ

ಚುನಾವಣಾ ಪ್ರಚಾರದ ಖರ್ಚನ್ನು ಸರ್ಕಾರ ಭರಿಸಬೇಕೆಂಬ ಮಾತಿಗೆ ಕಾಂಗ್ರೆಸ್, ಬಿಜೆಪಿ, ಎಡಪಕ್ಷಗಳು ಮೂರೂ ಒಂದಲ್ಲ ಒಂದು ಕಾಲಕ್ಕೆ ತಲೆದೂಗಿವೆ. ತಲೆದೂಗಿದ್ದು ಯಾವಾಗ, ಆಗ ಅಧಿಕಾರ ಯಾರ ಕೈಯಲ್ಲಿತ್ತು, ಯಾವ ಷರತ್ತಿಗೆ ಒಪ್ಪಿದರು ಎಂಬುದನ್ನು ಜೋಡಿಸಿ ನೋಡಿದರೆ ಮಾತ್ರ ನಿಲುವು ತಿಳಿಯುತ್ತದೆ. ಕಲಬುರಗಿ ನಗರ ಮತ್ತು ಕಮಲಾಪುರದ ಮತದಾರರ ಕಡೆಯಿಂದ ಹಾಗೆ ನೋಡುವ ಪ್ರಯತ್ನ ಇದು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರ 2018ರಲ್ಲಿ ತಾಲ್ಲೂಕಾಯಿತು. ಅದಕ್ಕೆ ಹತ್ತು ವರ್ಷ ಮೊದಲೇ, ಕ್ಷೇತ್ರ ಮರುವಿಂಗಡಣೆಯಲ್ಲಿ ತನ್ನ ಹೆಸರಿನ ವಿಧಾನಸಭಾ ಕ್ಷೇತ್ರವನ್ನು ಕಳೆದುಕೊಂಡು ಗುಲ್ಬರ್ಗಾ ಗ್ರಾಮೀಣ ಮೀಸಲು ಕ್ಷೇತ್ರಕ್ಕೆ ಸೇರಿತ್ತು. 2004ರಲ್ಲಿ ಕಮಲಾಪುರದಿಂದಲೂ 2008ರಲ್ಲಿ ಗ್ರಾಮೀಣದಿಂದಲೂ ಗೆದ್ದ ಬಿಜೆಪಿಯ ರೇವು ನಾಯಕ ಬೆಳಮಗಿ ಅವರೇ 2009 ಮತ್ತು 2014ರ ಲೋಕಸಭೆ ಚುನಾವಣೆಗಳಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರ ಎದುರಾಳಿ. 2009ರ ಅಂತರ ಬರೀ 13,404 ಮತ. ಗ್ರಾಮೀಣ ಕ್ಷೇತ್ರ 2013ರಲ್ಲಿ ಕಾಂಗ್ರೆಸ್‌ನ ಜಿ. ರಾಮಕೃಷ್ಣ ಅವರಿಗೆ, 2018 ಮತ್ತು 2023ರಲ್ಲಿ ಬಿಜೆಪಿಯ ಬಸವರಾಜ ಮತ್ತಿಮಡು ಅವರಿಗೆ ಒಲಿಯಿತು. ನಗರದ ಎರಡೂ ಕ್ಷೇತ್ರಗಳು 2023ರಲ್ಲಿ ಕಾಂಗ್ರೆಸ್ ಪಾಲಾದವು: ಉತ್ತರದಲ್ಲಿ ಕನೀಜ್ ಫಾತಿಮಾ, ದಕ್ಷಿಣದಲ್ಲಿ ಅಲ್ಲಮಪ್ರಭು ಪಾಟೀಲ.

ಇವರೊಬ್ಬೊಬ್ಬರ ವೈಯಕ್ತಿಕ ಅಭಿಪ್ರಾಯಕ್ಕಿಂತ ಪಕ್ಷದ ದಾಖಲೆಗಳಿಗೆ ಇಲ್ಲಿ ಹೆಚ್ಚು ತೂಕ ಕೊಟ್ಟಿದ್ದೇನೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ ಮೇಲೆ ಸದನದಲ್ಲಿ ಮತ ಹಾಕುವಾಗ ಶಾಸಕರ ಕೈಯನ್ನು ವಿಪ್ ಕಟ್ಟಿಹಾಕುತ್ತದೆ. 2018ರಲ್ಲಿ ಚಿಂಚೋಳಿಯಿಂದ ಕಾಂಗ್ರೆಸ್ ಶಾಸಕರಾಗಿ ಆಯ್ಕೆಯಾದ ಉಮೇಶ ಜಾಧವ ಮರುವರ್ಷವೇ ಬಿಜೆಪಿ ಅಭ್ಯರ್ಥಿಯಾಗಿ ಖರ್ಗೆ ಅವರನ್ನು 95,452 ಮತಗಳಿಂದ ಸೋಲಿಸಿದರು. ವ್ಯಕ್ತಿ ಪಕ್ಷ ಬದಲಿಸಿದಾಗ ಈ ವಿಷಯದ ನಿಲುವೂ ಜೊತೆಗೆ ಬದಲಾಗುತ್ತದೆ ಎಂದೇ ಹಿಡಿಯಬೇಕಾಗುತ್ತದೆ.

ದಾಖಲೆಗಳಲ್ಲಿ ಮುಖ್ಯವಾದದ್ದು ಇಂದ್ರಜಿತ್ ಗುಪ್ತ ಸಮಿತಿಯ ವರದಿ. 1998ರಲ್ಲಿ ರಚನೆಯಾಗಿ 1999ರ ಜನವರಿಯಲ್ಲಿ ವರದಿ ಕೊಟ್ಟ ಈ ಸಮಿತಿಯಲ್ಲಿ ಸಿಪಿಐನ ಗುಪ್ತ ಅವರೊಡನೆ ಸಿಪಿಎಂನ ಸೋಮನಾಥ ಚಟರ್ಜಿ, ಕಾಂಗ್ರೆಸ್‌ನ ಮನಮೋಹನ್ ಸಿಂಗ್, ಬಿಜೆಪಿಯ ವಿಜಯ ಕುಮಾರ್ ಮಲ್ಹೋತ್ರ ಇದ್ದರು. ಎಲ್ಲರೂ ಜನಪ್ರತಿನಿಧಿಗಳೇ. ಸರ್ಕಾರದ ನೆರವು ನ್ಯಾಯವಾದದ್ದು ಎಂದು ಅವರು ಒಪ್ಪಿದರು. ಆದರೆ ನಗದು ಕೊಡಬಾರದು. ಇಂಧನ, ಧ್ವನಿವರ್ಧಕ, ದೂರವಾಣಿ, ಮತದಾರರ ಪಟ್ಟಿಯಂಥ ವಸ್ತು ರೂಪದ ನೆರವು ಸಾಕು. ಅದೂ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ, ಪಕ್ಷೇತರರಿಗಿಲ್ಲ ಎಂದರು. ಮತದಾರನಿಗೆ 10 ರೂಪಾಯಿಯಂತೆ ಕೇಂದ್ರ ವರ್ಷಕ್ಕೆ 600 ಕೋಟಿ, ರಾಜ್ಯಗಳೆಲ್ಲ ಸೇರಿ ಅಷ್ಟೇ ಮೊತ್ತವನ್ನು ನಿಧಿಗೆ ಹಾಕಬೇಕೆಂಬುದು ಶಿಫಾರಸು.

ಈ ದರವನ್ನು ಇಲ್ಲಿಗೆ ಅನ್ವಯಿಸಿ ನೋಡೋಣ. ಎರಡೂವರೆ ಲಕ್ಷ ಮತದಾರರ ಒಂದು ವಿಧಾನಸಭಾ ಕ್ಷೇತ್ರ ಎಂದಿಟ್ಟುಕೊಂಡರೆ ಕೇಂದ್ರ, ರಾಜ್ಯ ಎರಡರದ್ದೂ ಸೇರಿ ಅದರ ಪಾಲಿಗೆ ವರ್ಷಕ್ಕೆ 50 ಲಕ್ಷ, ಐದು ವರ್ಷಕ್ಕೆ 2.5 ಕೋಟಿ ರೂಪಾಯಿ. 2022ರಿಂದ ಅಭ್ಯರ್ಥಿಯೊಬ್ಬನ ವೆಚ್ಚದ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಗುಲ್ಬರ್ಗಾ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಮಾನ್ಯತೆ ಪಡೆದ ಮೂರು ಪಕ್ಷಗಳು ಎರಡೂ ಚುನಾವಣೆಗಳಲ್ಲಿ ಮಿತಿಯ ಪೂರ್ತಿ ಖರ್ಚು ಮಾಡಿದರೂ ಒಂದು ವಿಧಾನಸಭಾ ಕ್ಷೇತ್ರದ ಲೆಕ್ಕಕ್ಕೆ ಬರುವುದು ಸುಮಾರು 1.56 ಕೋಟಿ. ಅಂದರೆ 1999ರ ದರದಲ್ಲೇ ನಿಧಿಯಲ್ಲಿ ಹಣ ಮಿಗುತ್ತದೆ. ಪೂರ್ತಿ ಸರ್ಕಾರಿ ವೆಚ್ಚದ ಚುನಾವಣೆ ದೇಶದ ಆರ್ಥಿಕ ಸ್ಥಿತಿಯಲ್ಲಿ ಕಾರ್ಯಸಾಧ್ಯವಲ್ಲ ಎಂದು ಕಾನೂನು ಆಯೋಗ 2015ರಲ್ಲಿ ಹೇಳಿತು. ಕಾನೂನಿನ ಮಿತಿಯನ್ನೇ ಅಳತೆಗೋಲಾಗಿ ಹಿಡಿದರೆ ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಮಿತಿಯಾಚೆಗಿನ ಹಣವೇ ನಿಜವಾದ ತೊಡಕು.

ವರದಿ ಬಂದಾಗ ವಾಜಪೇಯಿ ಸರ್ಕಾರವಿತ್ತು, ನಿಧಿ ಸ್ಥಾಪನೆಯಾಗಲಿಲ್ಲ. ಸಮಿತಿಯಲ್ಲಿದ್ದ ಮನಮೋಹನ್ ಸಿಂಗ್ 2004ರಿಂದ ಹತ್ತು ವರ್ಷ ಪ್ರಧಾನಿಯಾಗಿದ್ದರು, 2009ರಿಂದ ಖರ್ಗೆ ಅವರ ಸಂಪುಟದಲ್ಲಿದ್ದರು, ಆಗಲೂ ಆಗಲಿಲ್ಲ. ಭಾಗಶಃ ಸರ್ಕಾರಿ ನೆರವು ಕೊಡಿ ಎಂದು ವೀರಪ್ಪ ಮೊಯ್ಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಹೇಳಿದ್ದೂ ಇದೇ ಸರ್ಕಾರಕ್ಕೆ. ಅದಕ್ಕೂ ಮುಂಚೆ, 2002ರಲ್ಲಿ, ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಆಯೋಗ ಪಕ್ಷಗಳ ಹಣಕಾಸಿಗೆ ಬಿಗಿಯಾದ ನಿಯಂತ್ರಣ ಬರುವ ತನಕ ಸರ್ಕಾರಿ ನೆರವು ಬೇಡ ಎಂದಿತ್ತು. ಕನ್ನಡ ನಾಡಿನ ಇವರಿಬ್ಬರ ಉತ್ತರಗಳಲ್ಲಿ ನನಗೆ ವೆಂಕಟಾಚಲಯ್ಯ ಅವರದೇ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ.

2016ರ ನವೆಂಬರ್‌ನ ಸರ್ವಪಕ್ಷ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಸರ್ಕಾರಿ ನೆರವಿನ ಬಗ್ಗೆ ಚರ್ಚೆಯಾಗಲಿ ಎಂದರು. ಮೂರು ತಿಂಗಳು ಕಳೆಯುವುದರೊಳಗೆ ಬಜೆಟ್ಟಿನಲ್ಲಿ ಬಂದದ್ದು ಚುನಾವಣಾ ಬಾಂಡ್. ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ 2019ರ ಪ್ರಣಾಳಿಕೆಯಲ್ಲಿ ಬಾಂಡ್ ರದ್ದು ಮಾಡಿ ರಾಷ್ಟ್ರೀಯ ಚುನಾವಣಾ ನಿಧಿ ತರುವುದಾಗಿ ಬರೆಯಿತು. ಆ ಪ್ರಣಾಳಿಕೆ ಸಮಿತಿಯ ಸಂಚಾಲಕರು ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ಎಂ.ವಿ. ರಾಜೀವ್ ಗೌಡ; ಪಕ್ಷಗಳ ಹಣಕಾಸಿನ ಕುರಿತು 2012ರಲ್ಲೇ ಇ. ಶ್ರೀಧರನ್ ಜೊತೆ ಸಂಶೋಧನಾ ಲೇಖನ ಬರೆದಿದ್ದವರು. ಆದರೆ ಆ ನಿಧಿಗೆ ಯಾರು ಬೇಕಾದರೂ ಹಣ ಕೊಡಬಹುದಿತ್ತು. ಬೊಕ್ಕಸದ ಹಣವೇ ಆಗಬೇಕೆಂಬ ಗುಪ್ತ ಸಮಿತಿಯ ಕಲ್ಪನೆಗೂ ಇದಕ್ಕೂ ಬಹಳ ಅಂತರವಿದೆ. ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಪಡಿಸಿತು. ಮುಂದಿನ ತಿಂಗಳು ಎಐಸಿಸಿ ಅಧ್ಯಕ್ಷ ಖರ್ಗೆ, ತಮ್ಮ ಪಕ್ಷದ ಬ್ಯಾಂಕ್ ಖಾತೆಗಳನ್ನು ತಡೆಹಿಡಿದಿರುವುದರಿಂದ ಸ್ಪರ್ಧೆ ಸಮಾನವಾಗಿ ಉಳಿದಿಲ್ಲ ಎಂದು ದೂರಿದರು. ಆ ದೂರಿನಲ್ಲಿ ಹುರುಳಿದೆ. ಹಣವಿಲ್ಲದೆ ಕಣಕ್ಕಿಳಿಯುವ ಸಣ್ಣ ಅಭ್ಯರ್ಥಿಯ ಪಾಡು ಪ್ರತಿ ಚುನಾವಣೆಯಲ್ಲೂ ಅದೇ ಎಂಬುದನ್ನು ಅದರ ಜೊತೆಗಿಟ್ಟು ನೋಡಬೇಕು.

ಕಮಲಾಪುರದ ಮಟ್ಟಿಗೆ ಆ ಸಣ್ಣ ಅಭ್ಯರ್ಥಿಗೆ ಹೆಸರು ಕೊಡಬಹುದು. ತೊಗರಿ ಬೆಳೆಗಾರರ ಪರ ದಶಕಗಳ ಕಾಲ ಹೋರಾಡಿ 2020ರಲ್ಲಿ ತೀರಿಕೊಂಡ ಮಾರುತಿ ಮಾನ್ಪಡೆ ಗ್ರಾಮೀಣ ಕ್ಷೇತ್ರದಲ್ಲಿ ಸಿಪಿಎಂ ಅಭ್ಯರ್ಥಿಯಾಗಿದ್ದರು. ಗುಪ್ತ ವರದಿ ಜಾರಿಯಾಗಿದ್ದರೆ ರಾಷ್ಟ್ರೀಯ ಪಕ್ಷದ ಅಭ್ಯರ್ಥಿಯೆಂದು ಅವರಿಗೂ ಇಂಧನ, ಮೈಕು ಸಿಗುತ್ತಿತ್ತು. ಆದರೆ ತಾಂಡಾವೊಂದರಿಂದ ನಿಂತ ಪಕ್ಷೇತರನಿಗೆ ಏನೂ ಇಲ್ಲ. ವರದಿಯ ದೊಡ್ಡ ಕೊರತೆ ಇದು.

ಖರ್ಚು ಹೇಗೆ ದಾಖಲಾಗುತ್ತದೆ ಎಂಬುದನ್ನೂ ನೋಡಬೇಕು. ಅಭ್ಯರ್ಥಿಗೆ ಕೊಡುವ ವೆಚ್ಚದ ವಹಿಯಲ್ಲಿ ಮೂರು ಭಾಗ: ದಿನವಹಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಕುರ್ಚಿ, ಶಾಮಿಯಾನ, ಚಹಾ, ಉಪ್ಪಿಟ್ಟಿಗೆ ಜಿಲ್ಲಾ ಚುನಾವಣಾಧಿಕಾರಿ ಗೊತ್ತುಪಡಿಸಿದ ದರ. ಪ್ರಚಾರದ ನಡುವೆ ಮೂರು ಬಾರಿ ತಪಾಸಣೆ, ಫಲಿತಾಂಶದ 30 ದಿನದೊಳಗೆ ಅಂತಿಮ ಲೆಕ್ಕ. ಇಷ್ಟು ಅಚ್ಚುಕಟ್ಟಾದ ವಹಿಯಿದ್ದರೂ ಪಕ್ಷದ ಖರ್ಚಿಗೆ ಕಾನೂನಿನಲ್ಲಿ ಮಿತಿಯೇ ಇಲ್ಲ. ಇನ್ನು ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋದವರನ್ನು ಮತದಾನಕ್ಕೆ ಕರೆತರುವ ಕ್ರೂಸರ್‌ಗಳ ಬಾಡಿಗೆ ಈ ಬಿಳಿ ಹಾಳೆಗೆ ಬರುವಂತೆಯೇ ಇಲ್ಲ. ಮತದಾರರನ್ನು ಮತಗಟ್ಟೆಗೆ ಪುಕ್ಕಟೆಯಾಗಿ ಸಾಗಿಸುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಸರ್ಕಾರ ಡೀಸೆಲ್ ಕೊಟ್ಟ ಮಾತ್ರಕ್ಕೆ ಈ ಖರ್ಚು ನಿಲ್ಲುವುದಿಲ್ಲ. ಪಕ್ಷಕ್ಕೂ ಹೊಣೆ ಹೊರಿಸುವ ಮಾದರಿ ಬೇರೆಡೆ ಇದೆ: ಜರ್ಮನಿಯಲ್ಲಿ ಪಕ್ಷ ತಾನೇ ಸಂಗ್ರಹಿಸಿದ್ದಕ್ಕಿಂತ ಹೆಚ್ಚಿನ ಸರ್ಕಾರಿ ನೆರವು ಸಿಗದು, ಪಕ್ಷವೂ ಲೆಕ್ಕವನ್ನು ಬಹಿರಂಗಪಡಿಸಲೇಬೇಕು. ಅಲ್ಲಿ ನೆರವಿನ ಜೊತೆಗೇ ಹೊಣೆಯೂ ಇದೆ.

2022ರ ಮಾರ್ಚ್‌ನಲ್ಲಿ ಆಗಿನ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಚುನಾವಣಾ ಸುಧಾರಣೆಯ ಬಗ್ಗೆ ವಿಧಾನಸಭೆಯಲ್ಲಿ ವಿಶೇಷ ಚರ್ಚೆ ನಡೆಸಿದರು. ಅಂಥ ಚರ್ಚೆ ಮತ್ತೆ ನಡೆದರೆ ಕಲಬುರಗಿಯ ಶಾಸಕರು ಎತ್ತಬೇಕಾದ ಪ್ರಶ್ನೆ ವಿಧಾನ ಪರಿಷತ್ತಿನದು. ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ವೆಚ್ಚದ ಮಿತಿ ಹೇಳುವ ಅಧ್ಯಾಯ ಲೋಕಸಭೆ, ವಿಧಾನಸಭೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ಈಶಾನ್ಯ ಪದವೀಧರ ಕ್ಷೇತ್ರಕ್ಕಾಗಲಿ, ಕಲಬುರಗಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕಾಗಲಿ ನಿಲ್ಲುವ ಅಭ್ಯರ್ಥಿ ಎಷ್ಟು ಖರ್ಚು ಮಾಡಿದರೂ ಕೇಳುವ ಕಾನೂನಿಲ್ಲ.